ಮಸ್ಟ್ಯಾಂಗ್ ಜಿಟಿ: ಅಮೆರಿಕದ ಬೆಲೆಗೂ ಜರ್ಮನಿಯ ಬೆಲೆಗೂ ಇಷ್ಟು ಅಂತರ ಯಾಕೆ?

ಲಗಾಮು_ಸಡಿಲ (ಪ್ರಶ್ನೆ)

ಜರ್ಮನಿಯಲ್ಲಿ ಫೋರ್ಡ್ ಕಂಪನಿಯ ಹೊಸ ಮಸ್ಟ್ಯಾಂಗ್ ಜಿಟಿ ಅಂದರೆ 60,000 ಯೂರೋ ಆಸುಪಾಸು. ಅಮೆರಿಕದ ಬೆಲೆಪಟ್ಟಿಯಲ್ಲಿ ಅದೇ ಕಾರು 45,000 ಡಾಲರ್ ಸುತ್ತಮುತ್ತ ಕಾಣುತ್ತೆ. 2015ರಲ್ಲಿ ಫೋರ್ಡ್ ಮೊದಲ ಸಲ ಇದನ್ನು ಯೂರೋಪಿನಾದ್ಯಂತ ಅಧಿಕೃತವಾಗಿ ಮಾರಲು ಶುರು ಮಾಡಿದಾಗ ಎಂಟು ಸಿಲಿಂಡರಿನ ವಿ8 ಎಂಜಿನ್ ಇರುವ ಈ ಜಿಟಿ ಬೆಲೆ 40,000 ಯೂರೋ ಹತ್ತಿರವಿತ್ತು, "ಬಡವರ ಸ್ಪೋರ್ಟ್ಸ್ ಕಾರು" ಅಂತ ಎಲ್ಲರೂ ಹೊಗಳಿದ್ದರು.

ಈ ಅಂತರ ಕಂಪನಿಯ ಲಾಭವೋ, ತೆರಿಗೆಯೋ? ಅಮೆರಿಕದಿಂದ ನಾವೇ ತರಿಸಿಕೊಂಡರೆ ಉಳಿಯುತ್ತಾ? ತಂದ ಮೇಲೆ ವರ್ಷದ ಖರ್ಚು ಎಷ್ಟು? ಜರ್ಮನಿ ಮುಖ್ಯ, ಆದರೆ ಫ್ರಾನ್ಸ್, ಇಟಲಿ ಲೆಕ್ಕ ಗೊತ್ತಿರುವವರೂ ಬರೆಯಿರಿ. "ಪ್ಯಾಶನ್ ಇದ್ದರೆ ತಗೊಳ್ಳಿ" ಥರದ ಉತ್ತರ ಬೇಡ.

---

ತೆರಿಗೆ_ತಕ್ಕಡಿ

ನೀವು ಹೋಲಿಸುತ್ತಿರುವುದು ಸಿಪ್ಪೆ ಸುಲಿದ ಹಣ್ಣನ್ನು ಸಿಪ್ಪೆ ಸಮೇತದ ಹಣ್ಣಿನ ಜೊತೆ. ಅಮೆರಿಕದ ಪಟ್ಟಿ ಬೆಲೆಯಲ್ಲಿ ಮಾರಾಟ ತೆರಿಗೆ ಇರಲ್ಲ. ಜರ್ಮನಿಯ ಬೆಲೆಯಲ್ಲಿ 19% ವ್ಯಾಟ್ ಒಳಗೇ ಕೂತಿರುತ್ತೆ. 60,000ವನ್ನು 1.19ರಿಂದ ಭಾಗಿಸಿದರೆ ಸುಮಾರು 50,400. ಆಮದು ಸುಂಕ, ಹಡಗು ಬಾಡಿಗೆ, ಯೂರೋಪಿಗಾಗಿ ಮಾಡಿದ ಬೇರೆ ದೀಪ, ಬೇರೆ ಎಕ್ಸಾಸ್ಟ್, ಅನುಮೋದನೆ ಪರೀಕ್ಷೆ ಎಲ್ಲ ಇದರೊಳಗೇ. ಮೇಲಾಗಿ ಅಮೆರಿಕದಲ್ಲಿ ಪರ್ಫಾರ್ಮೆನ್ಸ್ ಪ್ಯಾಕೇಜ್ ಅಂತ ಹೆಚ್ಚುವರಿ ದುಡ್ಡಿಗೆ ಸಿಗುವ ದೊಡ್ಡ ಬ್ರೆಂಬೊ ಬ್ರೇಕು ಯೂರೋಪಿನ ಜಿಟಿಗೆ ಸ್ಟ್ಯಾಂಡರ್ಡ್.

ನೀವೇ ತರಿಸಿದರೆ ಲೆಕ್ಕ ಹೀಗೆ. ಯೂರೋ ಲೆಕ್ಕದಲ್ಲಿ 40,000ಕ್ಕೆ ಕಾರು ಸಿಕ್ಕಿತು, ಬ್ರೆಮರ್‌ಹಾಫನ್ ಬಂದರಿನವರೆಗೆ ಸಾಗಣೆ ಮತ್ತು ವಿಮೆ 2,000 ಅಂದುಕೊಳ್ಳಿ. ಕಸ್ಟಮ್ಸ್ ನೋಡುವುದು ಈ 42,000ವನ್ನು, ಬರೀ ಕಾರಿನ ಬೆಲೆಯನ್ನಲ್ಲ. ಅದರ ಮೇಲೆ 10% ಸುಂಕ, 4,200. ಆದ 46,200ರ ಮೇಲೆ 19% ವ್ಯಾಟ್, 8,778. ಅಲ್ಲಿಗೆ 54,978. ಸುಂಕದ ಮೇಲೂ ವ್ಯಾಟ್ ಬೀಳುತ್ತೆ ಅನ್ನುವುದನ್ನೇ ಬಹಳ ಜನ ಮರೆಯೋದು. ಇನ್ನು ಬದಲಾವಣೆ, ಅನುಮೋದನೆ ಖರ್ಚು ಸೇರಿಸಿದರೆ ಶೋರೂಮಿನ ಬೆಲೆಗೇ ಬಂದು ನಿಲ್ಲುತ್ತೀರಿ, ಅದೂ ಯೂರೋಪಿನ ವಾರಂಟಿ ಇಲ್ಲದೆ.

10% ಅನ್ನೋದು ಬಹಳ ವರ್ಷದಿಂದ ಇದ್ದ ದರ. 2025ರ ಆಗಸ್ಟ್‌ನಲ್ಲಿ ಯೂರೋಪಿಯನ್ ಕಮಿಷನ್ ಅಮೆರಿಕದ ಕೈಗಾರಿಕಾ ಸರಕುಗಳ ಸುಂಕ ತೆಗೆಯುವ ಪ್ರಸ್ತಾವ ಮುಂದಿಟ್ಟಿತು. ನಿಮಗೆ ಅನ್ವಯಿಸುವುದು ಕಾರು ಕೊಂಡ ದಿನದ ದರ ಅಲ್ಲ, ಕಸ್ಟಮ್ಸ್ ಘೋಷಣೆ ಸ್ವೀಕಾರವಾದ ದಿನದ ದರ. ಹಡಗು ಹತ್ತಿಸುವ ಮುಂಚೆ ಏಜೆಂಟ್ ಹತ್ತಿರ ಅವತ್ತಿನ ದರ ಕೇಳಿ. ಸುಂಕ ಸೊನ್ನೆ ಆದರೂ ಮೇಲಿನ ಲೆಕ್ಕದಲ್ಲಿ ಉಳಿಯೋದು ಸುಮಾರು 5,000 ಯೂರೋ ಅಷ್ಟೇ.

---

ಟಾರ್ಕ್_ಮಾಪಕ

ಕೊಳ್ಳುವ ಬೆಲೆ ಹಿಡಿದು ಗುದ್ದಾಡುವುದು ವ್ಯರ್ಥ. ಯಾವ ದೇಶದ ನಂಬರ್ ಪ್ಲೇಟ್ ಅನ್ನೋದೇ ಎಲ್ಲವನ್ನೂ ತೀರ್ಮಾನಿಸುತ್ತೆ. ಕುದುರೆಗಿಂತ ಹುಲ್ಲು ದುಬಾರಿ.

ಜರ್ಮನಿ: ವಾರ್ಷಿಕ ತೆರಿಗೆ ಎರಡು ಭಾಗ. ಪ್ರತಿ 100 ಸಿಸಿಗೆ 2 ಯೂರೋ. 5,038 ಸಿಸಿ ಅಂದರೆ 51 ಪಾಲು, 102 ಯೂರೋ. ಆಮೇಲೆ ಸಿಒ2. ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆಜಿ ಬರುತ್ತೆ, ನೂರು ಕಿಮೀಗೆ 12 ಲೀಟರ್ ಕುಡಿಯುವ ಕಾರು ಕಿಮೀಗೆ ಅಂದಾಜು 270 ಗ್ರಾಂ ಅಂದುಕೊಳ್ಳಿ. 95 ಗ್ರಾಂ ದಾಟಿದ ಮೇಲೆ 20 ಗ್ರಾಂ ಒಂದೊಂದು ಮೆಟ್ಟಿಲು: ಗ್ರಾಂಗೆ 2.00, 2.20, 2.50, 2.90, 3.40. 195 ದಾಟಿದರೆ 4.00. ಕೂಡಿದರೆ 560. ಒಟ್ಟು ವರ್ಷಕ್ಕೆ 662 ಯೂರೋ. ವಿ8ಗೆ ಇದು ಏನೂ ಅಲ್ಲ ಅಂತಲೇ ನನ್ನ ಅಭಿಪ್ರಾಯ.

ಇಟಲಿ: ಇಲ್ಲಿ ಕಿಲೋವ್ಯಾಟ್ ಎಣಿಸುತ್ತಾರೆ. 446 ಪಿಎಸ್ (ಯೂರೋಪಿನ ಅಶ್ವಶಕ್ತಿ) ಅಂದರೆ 328 ಕಿಲೋವ್ಯಾಟ್. ಬೊಲ್ಲೊ ಅನ್ನುವ ಮಾಮೂಲಿ ವಾರ್ಷಿಕ ವಾಹನ ತೆರಿಗೆ ಬಹುತೇಕ ಪ್ರಾಂತ್ಯಗಳಲ್ಲಿ ಮೊದಲ 100ಕ್ಕೆ ತಲಾ 2.58, ಮಿಕ್ಕದ್ದಕ್ಕೆ ತಲಾ 3.87, ಸುಮಾರು 1,140. ಅದರ ಮೇಲೆ ಸೂಪರ್‌ಬೊಲ್ಲೊ: 185 ದಾಟಿದ ಪ್ರತಿ ಕಿಲೋವ್ಯಾಟ್‌ಗೆ 20 ಯೂರೋ, 143 × 20 = 2,860. ಒಟ್ಟಿಗೆ ವರ್ಷಕ್ಕೆ 4,000. ಆದರೆ ಸೂಪರ್‌ಬೊಲ್ಲೊ ವಯಸ್ಸಾದಂತೆ ಇಳಿಯುತ್ತೆ: 5 ವರ್ಷಕ್ಕೆ 60%, 10ಕ್ಕೆ 30%, 15ಕ್ಕೆ 15%, 20ಕ್ಕೆ ಸೊನ್ನೆ. 421 ಪಿಎಸ್‌ನ ಮೊದಲ ಬ್ಯಾಚ್ ಕಾರು 310 ಕಿಲೋವ್ಯಾಟ್. ಹೊಸದಿದ್ದಾಗ ಅದರ ಸೂಪರ್‌ಬೊಲ್ಲೊ 2,500, ಹತ್ತು ವರ್ಷ ದಾಟಿದ್ದಕ್ಕೆ 750. ಇಟಲಿಯಲ್ಲಿ ಹಳೇ ಮಸ್ಟ್ಯಾಂಗ್ ಹುಡುಕುವವರು ವರ್ಷ ಎಣಿಸಿಕೊಂಡು ಕೂರುವುದು ಇದಕ್ಕೇ.

ಫ್ರಾನ್ಸ್: ಹೊಸ ವಿ8 ಮರೆತುಬಿಡಿ. ಹೆಚ್ಚು ಸಿಒ2 ಉಗುಳುವ ಕಾರಿಗೆ ನೋಂದಣಿ ಹೊತ್ತಿನಲ್ಲಿ ಹಾಕುವ ಮಾಲುಸ್ ದಂಡದ ಮೇಲ್ಮಿತಿ 2024ರಲ್ಲಿ 60,000 ಯೂರೋ, 2025ರಲ್ಲಿ 70,000, 2026ರಲ್ಲಿ 80,000. ಕಿಮೀಗೆ 190 ಗ್ರಾಂ ದಾಟಿ ಎರಡು ಮೂರು ಗ್ರಾಂ ಹೋಗುವುದರೊಳಗೆ ಪೂರ್ತಿ ಮಿತಿಯೇ ಬೀಳುತ್ತೆ. ಕಾರಿನ ಬೆಲೆಯ ಅರ್ಧಕ್ಕಿಂತ ಹೆಚ್ಚಾಗಬಾರದು ಅಂತ ಮುಂಚೆ ಒಂದು ತಡೆ ಇತ್ತು, 2024ರಿಂದ ಅದನ್ನೂ ತೆಗೆದರು. ಹಾಗಾಗಿ ದಂಡವೇ ಕಾರಿಗಿಂತ ದುಬಾರಿ. ಹೊರಗಿನಿಂದ ತಂದ ಹಳೇ ಕಾರಿಗೂ ಮಾಲುಸ್ ಇದೆ, ವಯಸ್ಸಿಗೆ ತಕ್ಕ ರಿಯಾಯಿತಿ ಸಮೇತ.

ಸ್ವಿಟ್ಜರ್ಲೆಂಡ್: 2024ರ ಜನವರಿಯಿಂದ ಕೈಗಾರಿಕಾ ಸರಕಿಗೆ ಸುಂಕವಿಲ್ಲ. 4% ವಾಹನ ತೆರಿಗೆ, 8.1% ವ್ಯಾಟ್ ಮಾತ್ರ ಅಂತ ಖುಷಿಪಡಬೇಡಿ, ಸಿಒ2 ಗುರಿ ಮೀರಿದ್ದಕ್ಕೆ ಸಾವಿರಾರು ಫ್ರಾಂಕ್ ದಂಡ ಕಾದಿರುತ್ತೆ.

---

ಹಳದಿ_ಇಂಡಿಕೇಟರ್

ಅಮೆರಿಕದ ಕಾರು ತರುವವರು ಜಾರಿ ಬೀಳುವುದು ಹೆಚ್ಚಾಗಿ ದೀಪದಲ್ಲಿ. ಕಾರು ಯೂರೋಪಿನ ನಿಯಮಕ್ಕೆ ಹೊಂದುತ್ತೆ ಅಂತ ಕಂಪನಿ ಕೊಡುವ ಅನುಸರಣೆ ಪತ್ರ ಇರಲ್ಲವಾದ್ದರಿಂದ ಜರ್ಮನಿಯಲ್ಲಿ ಟ್ಯೂಫ್ ಅಥವಾ ಡೆಕ್ರಾ ಎಂಬ ವಾಹನ ತಪಾಸಣಾ ಸಂಸ್ಥೆಗಳ ಹತ್ತಿರ ಆ ಒಂದು ಕಾರಿಗೇ ಪ್ರತ್ಯೇಕ ಅನುಮೋದನೆ ಮಾಡಿಸಬೇಕು. ಅಲ್ಲಿ ನೋಡುವುದು ಇವು:

ಹಿಂದಿನ ಇಂಡಿಕೇಟರ್ ಹಳದಿಯೇ ಆಗಿರಬೇಕು. ಅಮೆರಿಕದ ಮಸ್ಟ್ಯಾಂಗ್‌ನಲ್ಲಿ ಬ್ರೇಕು, ಇಂಡಿಕೇಟರ್ ಎರಡೂ ಒಂದೇ ಕೆಂಪು ಪಟ್ಟಿಗಳಲ್ಲಿ ಬೆಳಗುತ್ತವೆ. ಯೂರೋಪಿನ ಲ್ಯಾಂಪ್ ತಂದು ಸಿಕ್ಕಿಸಿದರೆ ಕೆಲಸ ಮುಗಿಯಲ್ಲ, ಎರಡು ಸಿಗ್ನಲ್ಲನ್ನು ಬೇರ್ಪಡಿಸಿ ವೈರ್ ಎಳೆದು, ದೀಪಗಳನ್ನು ನಿಯಂತ್ರಿಸುವ ಬಾಡಿ ಕಂಟ್ರೋಲ್ ಮಾಡ್ಯೂಲ್‌ನಲ್ಲಿ ಕೋಡಿಂಗ್ ಬದಲಿಸಬೇಕು. ಮುಂದೆ ಯಾವಾಗಲಾದರೂ ಸರ್ವಿಸ್ ಸೆಂಟರ್‌ನಲ್ಲಿ ಸಾಫ್ಟ್‌ವೇರ್ ಅಪ್‌ಡೇಟ್ ಹಾಕಿದರೆ ಕೋಡಿಂಗ್ ಹಳೆಯದಕ್ಕೆ ಮರಳಬಹುದು. ಅಪ್‌ಡೇಟ್ ಆದ ತಕ್ಷಣ ಇಂಡಿಕೇಟರ್ ಹಾಕಿ ಹಿಂದೆ ಹೋಗಿ ನೋಡಿ.

ಹಿಂದಿನ ಫಾಗ್ ದೀಪ ಕನಿಷ್ಠ ಒಂದು ಕಡ್ಡಾಯ. ಒಂದೇ ಇದ್ದರೆ ಎಡಕ್ಕೆ ಅಥವಾ ಮಧ್ಯಕ್ಕೆ, ಬ್ರೇಕ್ ದೀಪದಿಂದ 100 ಮಿಮೀಗಿಂತ ದೂರ. ಹೆಡ್‌ಲೈಟ್ ಹಾಕದೆ ಅದು ಉರಿಯಬಾರದು, ಡ್ಯಾಶ್‌ಬೋರ್ಡ್‌ನಲ್ಲಿ ಸೂಚಕ ಬೇಕು. ಬಂಪರ್ ಕೆಳಗೆ ಒಂದು ದೀಪ ತೂಗುಹಾಕಿ ರಿವರ್ಸ್ ವೈರಿಗೆ ಗಂಟು ಹಾಕಿದ ಕಾರು ಫೇಲ್.

ಹೆಡ್‌ಲೈಟ್ ಗಾಜಿನ ಮೇಲೆ ವೃತ್ತದೊಳಗೆ ಇ ಗುರುತು (ಯೂರೋಪಿನ ಅನುಮೋದನೆ) ಇದೆಯಾ ನೋಡಿ. ಬರೀ ಅಮೆರಿಕದ ಡಿಒಟಿ ಗುರುತು ಇದ್ದರೆ ಕಿರಣದ ಆಕಾರವೇ ಬೇರೆ, ತಿರುಪು ತಿರುಗಿಸಿ ಸರಿಮಾಡಲು ಬರಲ್ಲ. ಹೊಸ ಜೋಡಿ ಅಥವಾ ಬೆಳಕಿನ ಪ್ರತ್ಯೇಕ ತಜ್ಞ ವರದಿ ಬೇಕು. ಮುಂದಿನ ಪಾರ್ಕಿಂಗ್ ದೀಪ ಹಳದಿ ಇದ್ದರೆ ಬಿಳಿ ಮಾಡಬೇಕು.

ಟೈರ್ ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಅಮೆರಿಕದ ಆಲ್-ಸೀಸನ್ ಟೈರಿನ ಮೇಲೆ ಎಂ+ಎಸ್ (ಕೆಸರು ಮತ್ತು ಹಿಮ) ಅಂತ ಮಾತ್ರ ಇರುತ್ತೆ. 2024ರ ಅಕ್ಟೋಬರ್ 1ರಿಂದ ಜರ್ಮನಿಯ ಚಳಿಗಾಲದ ನಿಯಮಕ್ಕೆ ಅದು ಸಾಲಲ್ಲ, ಬೆಟ್ಟದ ಚಿತ್ರದೊಳಗೆ ಹಿಮದ ಹರಳು ಇರುವ ಚಿಹ್ನೆಯೇ ಬೇಕು. ಹೊಸ ಚಕ್ರ ಕೊಂಡಾಗ ಇನ್ನೊಂದು ಕಿರಿಕಿರಿ: ಅಮೆರಿಕದ ಟೈರ್ ಒತ್ತಡದ ಸೆನ್ಸರ್ 315 ಮೆಗಾಹರ್ಟ್ಜ್, ಯೂರೋಪಿನದು 433. ಸ್ಥಳೀಯ ಸೆನ್ಸರ್ ಹಾಕಿದರೆ ಎಚ್ಚರಿಕೆ ದೀಪ ಆರುವುದೇ ಇಲ್ಲ. ಟೈರ್ ಕಳಚುವ ಮುಂಚೆ 315ರ ನಾಲ್ಕು ಸೆನ್ಸರ್ ತರಿಸಿಟ್ಟುಕೊಳ್ಳಿ.

ಪೆಟ್ರೋಲಿನ ಆಕ್ಟೇನ್ ಸಂಖ್ಯೆ ನೋಡಿ ಗಾಬರಿಯಾಗಬೇಡಿ. ಅಮೆರಿಕದ ಪಂಪಿನ 93 ಅಂದರೆ ಇಲ್ಲಿಯ 98ರ ಹತ್ತಿರ, ಅಲ್ಲಿಯ 87 ಇಲ್ಲಿಯ 91-92. ಅಳೆಯುವ ಪದ್ಧತಿ ಬೇರೆ, ಅಷ್ಟೇ.

---

ಲಗಾಮು_ಸಡಿಲ

ಧನ್ಯವಾದ, ಹೊಸದನ್ನು ತರಿಸುವ ಯೋಚನೆ ಇಲ್ಲಿಗೇ ಬಿಟ್ಟೆ. ಎರಡು ಉಪಪ್ರಶ್ನೆ. ಡಾಡ್ಜ್ ಚಾಲೆಂಜರ್ ಕೆನಡಾದಲ್ಲಿ ತಯಾರಾದದ್ದಲ್ಲವೇ, ಯೂರೋಪ್-ಕೆನಡಾ ಒಪ್ಪಂದದಲ್ಲಿ ಸುಂಕ ಇಲ್ಲ ಅಂತಾರೆ? ಕಾರ್ವೆಟ್ ಬಗ್ಗೆ ಏನಂತೀರಿ?

---

ತೆರಿಗೆ_ತಕ್ಕಡಿ

ಚಾಸಿ ನಂಬರ್ 2ರಿಂದ ಶುರುವಾದರೆ ಕೆನಡಾದಲ್ಲಿ ಜೋಡಿಸಿದ್ದು ಹೌದು, ಚಾಲೆಂಜರ್ ಒಂಟಾರಿಯೊದ ಬ್ರ್ಯಾಂಪ್ಟನ್‌ನದು. ಆದರೆ ರಿಯಾಯಿತಿಗೆ ಬೇಕಾದ್ದು ಜೋಡಿಸಿದ ಊರಲ್ಲ, ಒಪ್ಪಂದದ ನಿಯಮದ ಪ್ರಕಾರ ಕೆನಡಾದ ಮೂಲ ಅಂತ ರಫ್ತುದಾರ ಕೊಡುವ ಘೋಷಣೆ. ಟೆಕ್ಸಸ್‌ನಲ್ಲಿ ಸೆಕೆಂಡ್‌ಹ್ಯಾಂಡ್ ಮಾರುವವನು ಅದನ್ನು ಎಲ್ಲಿಂದ ಕೊಡುತ್ತಾನೆ? ಪೂರ್ತಿ ಸುಂಕ ಬೀಳುತ್ತೆ.

30 ವರ್ಷ ದಾಟಿದ, ತಯಾರಿಕೆ ನಿಂತ, ಎಂಜಿನ್-ಬ್ರೇಕು-ಸ್ಟಿಯರಿಂಗ್ ಮೂಲದಂತೇ ಇರುವ ಕಾರಾದರೆ ಕಥೆ ಬೇರೆ. ಸಂಗ್ರಹ ವಸ್ತು ಅಂತ ಒಪ್ಪಿಸಿದರೆ ಸುಂಕ ಸೊನ್ನೆ, ಜರ್ಮನಿಯ ಆಮದು ವ್ಯಾಟ್ 7%. ಆಮೇಲೆ ಹಳೇ ಐತಿಹಾಸಿಕ ಕಾರಿಗೆ ಕೊಡುವ ಎಚ್ ನಂಬರ್ ಪ್ಲೇಟ್ ಸಿಕ್ಕಿದರೆ ತೆರಿಗೆ ವರ್ಷಕ್ಕೆ 191.73 ಯೂರೋ, ಎಷ್ಟೇ ದೊಡ್ಡ ಎಂಜಿನ್ ಇರಲಿ. ದೊಡ್ಡ ಕಾರ್ಬ್ಯುರೇಟರ್, ಡಿಸ್ಕ್ ಬ್ರೇಕ್ ಹಾಕಿಸಿದ 1960ರ ದಶಕದ ಕಾರು ಮಾರುವವರ ಬಾಯಲ್ಲಿ "ಅಪ್‌ಗ್ರೇಡ್", ಕಸ್ಟಮ್ಸ್ ಕಣ್ಣಲ್ಲಿ ಮೂಲ ಸ್ಥಿತಿ ಕಳಕೊಂಡ ಮಾಮೂಲಿ ಕಾರು.

---

ಎಂಟು_ಸಿಲಿಂಡರ್

ಕಾರ್ವೆಟ್ ಸಿ8 ಅಧಿಕೃತವಾಗಿ ಸಿಗುತ್ತೆ, ಆದರೆ ಹೊಗೆಯ ಕಣ ಸೋಸುವ ಪಾರ್ಟಿಕ್ಯುಲೇಟ್ ಫಿಲ್ಟರ್‌ನಿಂದ ಸ್ಟಿಂಗ್‌ರೇ ಇಲ್ಲಿ 482 ಪಿಎಸ್. ಅಮೆರಿಕದಲ್ಲಿ ಝಡ್51 ಪ್ಯಾಕೇಜ್ ಇರುವ ಅದೇ ಕಾರು 500ರ ಮೇಲೆ. ಕಾರ್ವೆಟ್‌ನ ಇನ್ನೂ ಜೋರಿನ ಮಾದರಿ ಝಡ್06 ಇಲ್ಲಿ 646 ಪಿಎಸ್, ಅಲ್ಲಿ 679. ಮಸ್ಟ್ಯಾಂಗ್‌ಗೂ ಇದೇ ಶಾಪ: ಅಲ್ಲಿ 480 ಅಶ್ವಶಕ್ತಿ, ಅಂದರೆ 487 ಪಿಎಸ್, ಇಲ್ಲಿ 446.

ಇಷ್ಟು ಕಿತ್ತುಕೊಂಡ ಮೇಲೂ ಯಾಕೆ ಕೊಳ್ಳುತ್ತಾರೆ? ಟರ್ಬೊ ಇಲ್ಲದ ವಿ8, ಹಿಂದಿನ ಚಕ್ರಕ್ಕೆ ಶಕ್ತಿ, ಮೂರು ಪೆಡಲ್ (ಕ್ಲಚ್ ಒತ್ತಿ ಕೈಯಲ್ಲಿ ಹಾಕುವ ಗೇರ್). ಈ ಮೂರೂ ಒಟ್ಟಿಗೆ ಇರುವ ಹೊಸ ಕಾರನ್ನು ಜರ್ಮನ್ ಕಂಪನಿಗಳು ಈ ಬೆಲೆಗೆ ಮಾರುವುದಿಲ್ಲ. ಬಿಎಂಡಬ್ಲ್ಯೂ ಎಂ2 ಇನ್ನೂ ಚುರುಕು, ಒಳಗಿನ ಕೆಲಸ ಇನ್ನೂ ನಾಜೂಕು, ಆದರೆ ಆರು ಸಿಲಿಂಡರ್, ಎರಡು ಟರ್ಬೊ, ಬೆಲೆ ಮೇಲೆ. ಸದ್ದಿಗಾಗಿ ಕೊಳ್ಳುವವರು ಎಂ2 ಕಡೆ ನೋಡುವುದೂ ಇಲ್ಲ. ಜಿಟಿಯ ಗೆಟ್ರಾಗ್ ಗೇರ್‌ಬಾಕ್ಸ್ ತಣ್ಣಗಿದ್ದಾಗ ಎರಡನೇ ಗೇರಿಗೆ ಮುನಿಸಿಕೊಳ್ಳುತ್ತೆ, ನಾಲ್ಕೈದು ಕಿಮೀ ಮೆಲ್ಲಗೆ ಓಡಿಸಿ. ಮಸ್ಟ್ಯಾಂಗ್‌ನದೇ ದುಬಾರಿ ಮಾದರಿ ಡಾರ್ಕ್ ಹಾರ್ಸ್‌ನ ಟ್ರೆಮೆಕ್ ಇದಕ್ಕಿಂತ ಎಷ್ಟೋ ಮೇಲು. 2018ರಿಂದೀಚಿನ ಎಂಜಿನ್‌ಗೆ ಆಯಿಲ್ ಸುಮಾರು 9.5 ಲೀಟರ್, ಐದು ಲೀಟರ್ ಡಬ್ಬ ಒಂದು ಸಾಲಲ್ಲ.

2015ರಲ್ಲಿ ಯೂರೋಪಿಗೆ ಬಂದ ತಲೆಮಾರಿನ ಮಸ್ಟ್ಯಾಂಗ್, ಅಂದರೆ ಎಸ್550 ಮಾದರಿಯ ಅಗಲ ಕನ್ನಡಿ ಸೇರಿ 2.08 ಮೀಟರ್. ಆಟೋಬಾನ್ ದುರಸ್ತಿ ಜಾಗದಲ್ಲಿ ಎಡ ಲೇನಿಗೆ 2.0 ಮೀಟರ್ ಫಲಕ ಕಂಡರೆ ಲಾರಿ ಹಿಂದೆಯೇ ಬಲ ಲೇನಲ್ಲಿ ತೆವಳಬೇಕು. ಆ ಫಲಕ ಹೇಳುವುದು ಕನ್ನಡಿ ಸೇರಿದ ಅಗಲವನ್ನೇ, ನೋಂದಣಿ ಪತ್ರದಲ್ಲಿರುವ ಅಗಲವನ್ನಲ್ಲ.

---

ಹಳದಿ_ಇಂಡಿಕೇಟರ್

ಹಳೇದು ನೋಡುವುದಾದರೆ ಯೂರೋಪಿಗೇ ಬಂದ ಎಸ್550 ಹುಡುಕಿ. 2017ರ ಜನವರಿಯಲ್ಲಿ ಕಾರುಗಳ ಅಪಘಾತ ಪರೀಕ್ಷೆ ಮಾಡುವ ಯೂರೋ ಎನ್‌ಕ್ಯಾಪ್ ಇದಕ್ಕೆ ಎರಡೇ ನಕ್ಷತ್ರ ಕೊಟ್ಟಿತು, ಸುಧಾರಿತ ಕಾರಿಗೆ ಅದೇ ಜುಲೈನಲ್ಲಿ ಮೂರು. ಸುರಕ್ಷತೆ ಮುಖ್ಯವಾದರೆ ಅದರ ನಂತರದ್ದೇ ತಗೊಳ್ಳಿ.

ಅನುಸರಣೆ ಪತ್ರ ಕೈಗೆ ಕೊಡದೆ "ಯೂರೋಪ್ ಮಾಡೆಲ್" ಅನ್ನುವವರನ್ನು ನಂಬಬೇಡಿ. ಹೆಡ್‌ಲೈಟಿನ ಗುರುತು ನೋಡಿ, ಸ್ಪೀಡೋಮೀಟರಿನಲ್ಲಿ ದೊಡ್ಡ ಅಂಕಿ ಮೈಲಿಯೋ ಕಿಮೀಯೋ ನೋಡಿ, ರೇಡಿಯೋ ತಿರುಗಿಸಿ: 0.2ರ ಜಿಗಿತದಲ್ಲಿ ಬರೀ ಬೆಸ ದಶಾಂಶದಲ್ಲೇ ನಿಲ್ಲುತ್ತಿದ್ದರೆ ಅದು ಅಮೆರಿಕದ್ದು. ಅಮೆರಿಕದ್ದು ಅಂತ ಗೊತ್ತಾದರೆ ಚಾಸಿ ನಂಬರಿನಿಂದ ಅಲ್ಲಿಯ ಟೈಟಲ್ (ಮಾಲೀಕತ್ವ ಪತ್ರ) ಇತಿಹಾಸ ತೆಗೆಸಿ. "ಸಾಲ್ವೇಜ್" ಅಂತ ಬಂದರೆ ವಿಮಾ ಕಂಪನಿ ಕೈಬಿಟ್ಟ ಕಾರು, ಹರಾಜಿನಲ್ಲಿ ಕೊಂಡು ಪೂರ್ವ ಯೂರೋಪಿನಲ್ಲಿ ರಿಪೇರಿಯಾಗಿ ಬಂದದ್ದಿರಬಹುದು. ಸೀಟ್‌ಬೆಲ್ಟನ್ನು ಪೂರ್ತಿ ಹೊರಗೆಳೆದು ಬುಡದ ಪಟ್ಟಿ ನೋಡಿ, ನೀರು ನಿಂತಿದ್ದರೆ ಕಲೆಯ ಗೆರೆ ಅಲ್ಲೇ ಸಿಗೋದು.