ಹೊಳೆ ನೀರು ನುಗ್ಗಿದ ಗದ್ದೆ, ತೋಟ, ಅಂಗಡಿ: ಸರ್ಕಾರದ ಪರಿಹಾರ ನಿಜಕ್ಕೂ ಎಷ್ಟು, ಯಾರಿಗೆ?

ಹೊಳೆದಂಡೆ:
ಸಕಲೇಶಪುರದ ಆಜಾದ್ ರಸ್ತೆ, ಶೃಂಗೇರಿಯ ಗಾಂಧಿ ಮೈದಾನ, ಅರಕಲಗೂಡು ತಾಲ್ಲೂಕಿನ ರಾಮನಾಥಪುರ. ಹೊಳೆ ಉಕ್ಕಿದಾಗಲೆಲ್ಲ ಸುದ್ದಿಯಾಗುವ ಜಾಗಗಳು ಇವೇ. ನೀರು ಇಳಿದ ಮೇಲೆ "ಪರಿಹಾರ ಬರುತ್ತೆ ಬಿಡಿ" ಅಂತ ಎಲ್ಲರೂ ಹೇಳ್ತಾರೆ. ಯಾವುದಕ್ಕೆ, ಎಷ್ಟು, ಯಾರ ಖಾತೆಗೆ ಅನ್ನೋದನ್ನ ಮಾತ್ರ ಯಾರೂ ಬಿಡಿಸಿ ಹೇಳಲ್ಲ. ನನ್ನ ವಾದ ಇಷ್ಟೇ: ಗದ್ದೆ, ತೋಟಕ್ಕೆ ಸಿಗೋದು ಪುಡಿಗಾಸಾದರೂ ಅದಕ್ಕೊಂದು ಲೆಕ್ಕ ಇದೆ. ಅಂಗಡಿಗೆ ಆ ಲೆಕ್ಕದ ಪುಸ್ತಕದಲ್ಲಿ ಹಾಳೆಯೇ ಇಲ್ಲ. ತಪ್ಪಿದ್ದರೆ ತಿದ್ದಿ.

ಪಹಣಿಪಂಡಿತ:
ಮೊದಲು ಲೆಕ್ಕ ಹಾಕೋಣ. ವಿಪತ್ತು ಪರಿಹಾರ ನಿಧಿಗೆ 2022-26ರ ಅವಧಿಗೆ ಕೇಂದ್ರ ಹಾಕಿಕೊಟ್ಟ ದರ: ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500, ನೀರಾವರಿಗೆ 17,000, ಅಡಿಕೆ, ಕಾಫಿ, ಮೆಣಸಿನಂಥ ಬಹುವಾರ್ಷಿಕ ಬೆಳೆಗೆ 22,500. ಬೆಳೆ ಶೇ 33ಕ್ಕಿಂತ ಕಮ್ಮಿ ಹಾಳಾಗಿದ್ದರೆ ಏನೂ ಇಲ್ಲ. ಎಷ್ಟೇ ಜಮೀನಿದ್ದರೂ 2 ಹೆಕ್ಟೇರಿಗೆ ನಿಲ್ಲುತ್ತೆ, ಅಂದರೆ 4 ಎಕರೆ 38 ಗುಂಟೆ. 2025ರ ಮುಂಗಾರು ಹಾನಿಗೆ ರಾಜ್ಯ ಸರ್ಕಾರ ತನ್ನ ಕಡೆಯಿಂದ ಹೆಕ್ಟೇರಿಗೆ 8,500 ಸೇರಿಸಿತು. ಹಾಗಾಗಿ 17,000, 25,500, 31,000 ಆಯ್ತು. ಗುಂಟೆ ಲೆಕ್ಕದಲ್ಲಿ ಹೇಳೋದಾದ್ರೆ ತೋಟಕ್ಕೆ ಗುಂಟೆಗೆ ಸುಮಾರು 314 ರೂಪಾಯಿ.

ಗದ್ದೆಬಯಲು:
ಪಂಡಿತರೇ, ಬೆಳೆ ಹೋಗಿದ್ದು ಒಂದು ಕಡೆ. ಹೊಳೆ ಪಕ್ಕದ ಗದ್ದೆಗೆ ದೊಡ್ಡ ಏಟು ಮರಳು, ಹೂಳಿಂದು. ಅದಕ್ಕೆ ಬೇರೆ ದರ ಇದೆ: ಹೂಳು 3 ಅಂಗುಲಕ್ಕಿಂತ ದಪ್ಪ ಇದ್ದರೆ ಹೆಕ್ಟೇರಿಗೆ 18,000, ಅದೂ ಸಣ್ಣ, ಅತಿಸಣ್ಣ ರೈತರಿಗೆ, ಅಂದರೆ 2 ಹೆಕ್ಟೇರ್‌ವರೆಗೆ ಜಮೀನಿರೋರಿಗೆ ಮಾತ್ರ. 30 ಗುಂಟೆ ಗದ್ದೆಗೆ 6 ಅಂಗುಲ ಹೂಳು ಕೂತಿದೆ ಅಂತಿಟ್ಟುಕೊಳ್ಳಿ. ಗುಂಟೆಗೆ 1,089 ಚದರ ಅಡಿ, 30ಕ್ಕೆ 32,670. ಅರ್ಧ ಅಡಿ ದಪ್ಪಕ್ಕೆ 16,335 ಘನ ಅಡಿ. ಟ್ರ್ಯಾಕ್ಟರ್ ಟ್ರೇಲರಿಗೆ 100 ಘನ ಅಡಿ ಹಿಡಿದರೂ 163 ಲೋಡ್. ಸರ್ಕಾರದಿಂದ ಬರೋದು 5,460 ರೂಪಾಯಿ ಆಸುಪಾಸು. ಲೋಡಿಗೆ 33 ರೂಪಾಯಿ! ಡೀಸೆಲ್ ಬಿಡಿ, ಡ್ರೈವರ್ ಟೀ ಕುಡಿದು ಬೋಂಡ ತಿಂದರೆ ಮುಗೀತು.

ಪಹಣಿಪಂಡಿತ:
ಒಪ್ಪಿದೆ. ಅದು ವೆಚ್ಚ ತುಂಬಿಕೊಡೋ ಯೋಜನೆಯಲ್ಲ, ತಕ್ಷಣದ ನೆರವು ಅಂತಲೇ ಇಟ್ಟಿರೋದು. ಆದರೂ ಬಿಡಬಾರದು. ಎಡವೋದು ಅಳತೆಯಲ್ಲಿ. ಬದು ಹತ್ತಿರ ನಿಂತು "ಹೂಳಿದೆ" ಅಂದರೆ ಗ್ರಾಮ ಆಡಳಿತಾಧಿಕಾರಿ ಹಾನಿ ಅಂತ ಬರೀತಾರೆ, ದಪ್ಪ ಬರೆಯಲ್ಲ. ದಪ್ಪ ಇಲ್ಲದ ವರದಿಗೆ ಹೂಳಿನ ದುಡ್ಡು ಇಲ್ಲ. ಗದ್ದೆಯ ನಾಲ್ಕೈದು ಕಡೆ ಹಳೇ ಮಣ್ಣಿನ ಬಣ್ಣ ಕಾಣೋವರೆಗೆ ಗುಂಡಿ ತೋಡಿ, ಅದರೊಳಗೆ ಅಡಿಪಟ್ಟಿ ನಿಲ್ಲಿಸಿ, ಮೊಬೈಲಿನ ಜಿಪಿಎಸ್ ಕ್ಯಾಮೆರಾದಲ್ಲಿ ಫೋಟೋ ತೆಗೀರಿ. ಸರ್ವೆ ನಂಬರ್ ಬರೆದ ಹಾಳೆ ಪಕ್ಕದಲ್ಲೇ ಇರಲಿ. ಹೂಳಿನ ಕೆಳಗೆ ಮಲಗಿದ ಪೈರು ಕಾಣೋ ಹಾಗಿದ್ದರೆ ಇನ್ನೂ ಒಳ್ಳೇದು, ಬೆಳೆ ಇತ್ತು ಅನ್ನೋದಕ್ಕೂ ಅದೇ ಸಾಕ್ಷಿ.

ಇನ್ನು ಧರೆ ಕುಸಿದೋ ಹೊಳೆ ದಿಕ್ಕು ಬದಲಿಸಿಯೋ ಜಮೀನೇ ಹೋಗಿದ್ದರೆ ಹೆಕ್ಟೇರಿಗೆ 47,000. ಇದೂ ಸಣ್ಣ, ಅತಿಸಣ್ಣ ರೈತರಿಗೆ, ಪಹಣಿಯಲ್ಲಿ ಹೆಸರಿದ್ದವರಿಗೆ ಮಾತ್ರ. 2019ರ ಆಗಸ್ಟಿನಲ್ಲಿ ಮೂಡಿಗೆರೆ ಕಡೆಯ ಮಲೆಮನೆಯಲ್ಲಿ ಆದಂಥ ಹಾನಿ ಈ ಸಾಲಿಗೆ ಬರುತ್ತೆ.

ಕಾಫಿಕಣ:
"ಪಹಣಿಯಲ್ಲಿ ಹೆಸರಿದ್ದವರಿಗೆ" ಅಂದಿರಲ್ಲ, ಮಲೆನಾಡಿನ ಅರ್ಧ ಜಗಳ ಅಲ್ಲೇ ಇದೆ. ಸರ್ಕಾರಿ ಜಮೀನಿನ ಸಾಗುವಳಿ ಸಕ್ರಮ ಮಾಡಿಕೊಡಿ ಅಂತ ಫಾರಂ 50, 53, 57 ಹಾಕಿ ಕಾಯ್ತಿರೋ ಜಮೀನಿನಲ್ಲಿ ಹದಿನೈದು ವರ್ಷದ ಕಾಫಿ ಗಿಡ ಇದೆ, ಪಹಣಿ ಮಾತ್ರ ಸರ್ಕಾರದ ಹೆಸರಲ್ಲಿ. ಗಿಡ ಕೊಚ್ಚಿಹೋದರೂ ಸರ್ಕಾರದ ಪರಿಹಾರ ತಂತ್ರಾಂಶದ ಕಣ್ಣಿಗೆ ಅಲ್ಲಿ ಬೆಳೆಗಾರನೇ ಇಲ್ಲ. ಒತ್ತುವರಿ ತೋಟವನ್ನು 25 ಎಕರೆವರೆಗೆ 30 ವರ್ಷ ಗುತ್ತಿಗೆಗೆ ಕೊಡೋ ಕಾನೂನು ಬಂದಿದೆ ಸರಿ. ಗುತ್ತಿಗೆ ಪತ್ರ ಕೈಗೆ ಬರೋವರೆಗೆ ಪರಿಹಾರದ ವಿಷಯದಲ್ಲಿ ಅದೂ ಗಾಳಿಗೋಪುರ.

ಎರಡನೇದು, ಕಾಫಿಯಲ್ಲಿ ಶೇ 33 ತೋರಿಸೋದು ಹೇಗೆ? ಭತ್ತ ಮುಳುಗಿದರೆ ಕಣ್ಣಿಗೆ ಕಾಣುತ್ತೆ. ಕಾಫಿಗೆ ಬೇರಿನಲ್ಲಿ ನೀರು ನಿಂತು ಶೀತ ಹಿಡಿದರೆ ಕಾಯಿ ಉದುರೋದು ಆಮೇಲೆ, ಎಲೆ ಹಳದಿಯಾಗೋದು ಅದಕ್ಕೂ ಆಮೇಲೆ. ಮೆಣಸಿನ ಬಳ್ಳಿಗೆ ಸೊರಗು ಬಂದು ಒಣಗೋ ಹೊತ್ತಿಗೆ ಹಾನಿ ಅಳೆಯೋ ಇಲಾಖೆಗಳ ಜಂಟಿ ಸಮೀಕ್ಷೆಯವರು ಬಂದು ಹೋಗಿ, ವರದಿಯೂ ಮೇಲೆ ಹೋಗಿರುತ್ತೆ.

ಪಹಣಿಪಂಡಿತ:
ಅದಕ್ಕೇ ಉದುರಿದ ಕಾಯಿ ಗುಡಿಸಬೇಡಿ ಅನ್ನೋದು. ಒಂದು ಸಾಲಿನಲ್ಲಿ ಹತ್ತು ಗಿಡ ಗುರುತು ಹಾಕಿ, ಗಿಡಕ್ಕೆ ಎರಡು ರೆಕ್ಕೆ (ಕೊಂಬೆ) ಆರಿಸಿ, ಉಳಿದ ಕಾಯಿ ಎಷ್ಟು, ಬುಡದಲ್ಲಿ ಬಿದ್ದದ್ದು ಎಷ್ಟು ಅಂತ ಎಣಿಸಿ ಬರೆದಿಡಿ. ವಾರ ಬಿಟ್ಟು ಮತ್ತೆ ಎಣಿಸಿ. ಆ ಹಾಳೆ ಹಚ್ಚಿದ ಅರ್ಜಿಯನ್ನ ನಾಡಕಚೇರಿಗೂ ಕಾಫಿ ಮಂಡಳಿಯ ಸಂಪರ್ಕ ಕಚೇರಿಗೂ ಕೊಟ್ಟು, ಎರಡೂ ಕಡೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಸಮೀಕ್ಷೆ ಮುಗಿದ ಮೇಲೆ ಮರುಪರಿಶೀಲನೆ ಕೇಳೋಕೆ ಕೈಯಲ್ಲಿ ಅದೊಂದೇ ಇರೋದು. ಇನ್ನೊಂದು ಮಾತು: ಕಾಫಿ, ಮೆಣಸು, ಅಡಿಕೆ ಒಂದೇ ತೋಟದಲ್ಲಿದ್ದರೆ ಮೂರಕ್ಕೂ ಬೇರೆ ಬೇರೆ ಸಿಗುತ್ತೆ ಅಂದುಕೊಳ್ಳಬೇಡಿ, ವಿಸ್ತೀರ್ಣಕ್ಕೆ ಒಂದೇ ಸಲ.

ಶುಂಠಿಹೊಲ:
ಆಲೂರು, ಬೇಲೂರು ಕಡೆ ಶುಂಠಿಯವರ ಕಥೆ ಯಾರೂ ಎತ್ತಲಿಲ್ಲ. ಎಷ್ಟೋ ಕಡೆ ಜಮೀನು ಗುತ್ತಿಗೆದು. ಬೀಜ, ಗೊಬ್ಬರ, ಆಳು ಎಲ್ಲಾ ಗುತ್ತಿಗೆದಾರಂದು, ದುಡ್ಡು ಬೀಳೋದು ಪಹಣಿದಾರನ ಖಾತೆಗೆ. ಮಾತಿನ ಮೇಲೆ ಮಾಡಿದ ಗುತ್ತಿಗೆಗೆ ಕಚೇರಿಯಲ್ಲಿ ಬೆಲೆ ಇಲ್ಲ.

ಗದ್ದೆಬಯಲು:
ಅದು ನ್ಯಾಯ ಅಲ್ಲ ನಿಜ. ಆದ್ರೆ ಗುತ್ತಿಗೆದಾರನಿಗೇ ಕೊಡಿ ಅಂದರೆ ನಾಳೆ ಒಂದೇ ಗದ್ದೆಗೆ ಮೂರು ಜನ ಗುತ್ತಿಗೆದಾರರು ಹುಟ್ಕೋತಾರೆ. ಗುತ್ತಿಗೆ ಕರಾರಿನಲ್ಲೇ "ವಿಪತ್ತು ಪರಿಹಾರ ಬಂದರೆ ಬೆಳೆ ಹಾಕಿದವನಿಗೆ ಇಷ್ಟು ಪಾಲು" ಅಂತ ಒಂದು ಸಾಲು ಬರೆಸೋದು ಸದ್ಯಕ್ಕೆ ಇರೋ ದಾರಿ.

ಶುಂಠಿಹೊಲ:
ಛಾಪಾ ಕಾಗದ ಅಂದ ತಕ್ಷಣ ಜಮೀನೇ ಕೊಡಲ್ಲ ಅನ್ನೋರಿಗೆ ಏನು ಮಾಡೋಣ ಅಣ್ಣ? ಆ ಸಾಲು ಬರೆಸೋದು ಹೇಳಿದಷ್ಟು ಸುಲಭ ಅಲ್ಲ.

ಹೊಳೆದಂಡೆ:
ವಿಮೆ ಬಗ್ಗೆಯೂ ಹೇಳಿ. ಅಡಿಕೆಗೆ ಹೆಕ್ಟೇರಿಗೆ 6,400, ಮೆಣಸಿಗೆ 2,350 ಕಟ್ಟಿದವರು "ಪ್ರವಾಹ ಬಂತಲ್ಲ, ಬರುತ್ತೆ" ಅಂತ ಕೂತಿರ್ತಾರೆ.

ಪಹಣಿಪಂಡಿತ:
ಅದು ಹವಾಮಾನ ಆಧಾರಿತ ವಿಮೆ. ನೋಡೋದು ತೋಟವನ್ನಲ್ಲ, ಪಂಚಾಯಿತಿಗೆ ಗೊತ್ತುಮಾಡಿದ ಮಳೆಮಾಪಕವನ್ನ. ಹೇಮಾವತಿ ಹುಟ್ಟೋದು ಮೂಡಿಗೆರೆ ತಾಲ್ಲೂಕಿನ ಜಾವಳಿ ಹತ್ತಿರ, ತುಂಗೆ, ಭದ್ರೆ ಇಬ್ಬರೂ ಕುದುರೆಮುಖ ಸಾಲಿನ ಗಂಗಾಮೂಲದಲ್ಲಿ. ಮೇಲೆ ಸುರಿದ ಮಳೆ ಕೆಳಗಿನ ಊರನ್ನ ಮುಳುಗಿಸುತ್ತೆ. ಕೆಳಗಿನ ಪಂಚಾಯಿತಿಯ ಮಾಪಕದಲ್ಲಿ ಆ ದಿನ ಸಾಧಾರಣ ಮಳೆ ಅಂತಿದ್ದರೆ ತೋಟ ಮುಳುಗಿದ್ದು ವಿಮೆಗೆ ಗೊತ್ತೇ ಆಗಲ್ಲ.

ಫಸಲ್ ಬಿಮಾ, ಅಂದರೆ ಪ್ರಧಾನಮಂತ್ರಿ ಬೆಳೆ ವಿಮೆ, ಬೇರೆ. ಅದರಲ್ಲಿ ಆಲಿಕಲ್ಲು, ಭೂಕುಸಿತ, ಜಲಾವೃತದಂಥ ಸ್ಥಳೀಯ ಹಾನಿಗೆ 72 ಗಂಟೆಯೊಳಗೆ ಸಹಾಯವಾಣಿ 14447ಕ್ಕೋ ಬ್ಯಾಂಕಿಗೋ ತಿಳಿಸಬೇಕು. ಕೊಯ್ದು ಗದ್ದೆಯಲ್ಲೇ ಒಣಗಲು ಬಿಟ್ಟ ಬೆಳೆ ನೆನೆದರೆ 14 ದಿನದವರೆಗೆ ರಕ್ಷಣೆ ಇದೆ. ಆದರೆ ಗಮನಿಸಿ, ಭತ್ತದ ಮಟ್ಟಿಗೆ ಜಲಾವೃತವನ್ನು 2018ರಲ್ಲಿ ಸ್ಥಳೀಯ ಹಾನಿಯ ಪಟ್ಟಿಯಿಂದ ತೆಗೆದಿದ್ದರು. ಮತ್ತೆ ಸೇರಿಸ್ತೀವಿ ಅಂತ 2025ರ ನವೆಂಬರಿನಲ್ಲಿ ಕೇಂದ್ರ ಹೇಳಿದ್ದು 2026ರ ಮುಂಗಾರಿನಿಂದ. ಅದಕ್ಕೆ ಹಿಂದಿನ ಹಾನಿಗೆ ಅನ್ವಯಿಸಲ್ಲ.

ಲೆಕ್ಕಿಗ:
ಈಗ ಅಂಗಡಿಗೆ ಬರ್ತೀನಿ. ಹೊಳೆದಂಡೆಯವರು ಹೇಳಿದ್ದು ಬಹುಮಟ್ಟಿಗೆ ಸರಿ. ವಿಪತ್ತು ನಿಧಿಯ ಪಟ್ಟಿಯಲ್ಲಿ ಕಿರಾಣಿ, ಹಾರ್ಡ್‌ವೇರ್, ಹೋಟೆಲ್, ಹಿಟ್ಟಿನ ಗಿರಣಿ ಯಾವುದೂ ಇಲ್ಲ. ಕೈಮಗ್ಗ, ಕರಕುಶಲದವರಿಗೆ ಮಾತ್ರ ಉಪಕರಣಕ್ಕೆ 5,000, ಕಚ್ಚಾ ಮಾಲು ಮತ್ತು ಸಿದ್ಧ ಸರಕಿಗೆ 5,000. ಅಂಗಡಿ ಹಿಂದೆಯೇ ಸಂಸಾರ ಇದ್ದರೆ ಮನೆ ಲೆಕ್ಕದಲ್ಲಿ ಬಟ್ಟೆಗೆ 2,500, ಪಾತ್ರೆಗೆ 2,500. ಅಲ್ಲೂ ಎರಡು ದಿನಕ್ಕಿಂತ ಹೆಚ್ಚು ನೀರು ನಿಂತಿರಬೇಕು ಅನ್ನೋ ಷರತ್ತು. ಬಯಲುಸೀಮೆಯ ಕೆರೆ ನೀರಿಗೆ ಅದು ಸರಿ. ನಮ್ಮ ಹೊಳೆ ರಾತ್ರಿ ಏರಿ ಮರುದಿನ ಇಳಿಯುತ್ತೆ, ಹಾನಿ ಮಾತ್ರ ಕಮ್ಮಿಯಾಗಲ್ಲ.

ತುಂಗಾತೀರ:
ಹಾಗಾದ್ರೆ ಆಂಧ್ರದಲ್ಲಿ ಹೇಗೆ ಕೊಟ್ಟರು? 2024ರಲ್ಲಿ ವಿಜಯವಾಡ ಮುಳುಗಿದಾಗ ಸಣ್ಣ ಅಂಗಡಿಗಳಿಗೆ 25,000 ಘೋಷಿಸಿದ್ದರು. ಮನಸ್ಸಿದ್ದರೆ ಮಾರ್ಗ ಇದೆಯಲ್ಲ. ಅಂಗಡಿಯವನು ತೆರಿಗೆ ಕಟ್ಟುವಾಗ ಮಾತ್ರ ಲೆಕ್ಕಕ್ಕೆ ಸಿಗ್ತಾನೆ.

ಕಾಫಿಕಣ:
ಮಾರ್ಗ ಇದೆ, ರಾಜ್ಯದ ಸ್ವಂತ ಬೊಕ್ಕಸದಿಂದ. ಆದ್ರೆ ಅಂಗಡಿಗೆ ವಿಮೆ ಮಾಡಿಸೋ ದಾರಿ ಯಾವಾಗಲೂ ತೆರೆದಿದೆ, ಗದ್ದೆಗೆ ಹಾಗಿಲ್ಲ. ಸರ್ಕಾರದ ದುಡ್ಡು ಮೊದಲು ಗದ್ದೆಗೆ ಹೋಗಲಿ ಅನ್ನೋದರಲ್ಲಿ ತಪ್ಪೇನಿದೆ?

ತುಂಗಾತೀರ:
ತಳ್ಳುಗಾಡಿಯವನಿಗೆ, ಹೊಳೆ ಪಕ್ಕ ಹಣ್ಣುಕಾಯಿ ಬುಟ್ಟಿ ಇಟ್ಕೊಂಡವಳಿಗೆ ಯಾವ ವಿಮೆ ಸರ್? ಬೀದಿ ವ್ಯಾಪಾರಿಗಳಿಗೆ ಸ್ವನಿಧಿ ಯೋಜನೆ ಅಂತೀರ, 15,000, ಆಮೇಲೆ 25,000, ಆಮೇಲೆ 50,000. ಅದು ಸಾಲ. ನೀರು ಕೊಚ್ಕೊಂಡು ಹೋದ ಮಾಲಿಗೆ ಕಂತು ಕಟ್ಟೋದು ಪರಿಹಾರ ಅನ್ನಿಸಿಕೊಳ್ಳಲ್ಲ.

ಲೆಕ್ಕಿಗ:
ತುಂಗಾತೀರ ಅವರ ಮಾತು ಸರಿ, ಆ ಮಟ್ಟದವರಿಗೆ ಯಾವುದೂ ಇಲ್ಲ. ಅದಕ್ಕಿಂತ ಮೇಲಿನವರಲ್ಲಿ ವಿಮೆ ಇದ್ದೂ ಗೊತ್ತಿಲ್ಲದವರು ಬಹಳ. ಸರಕು ಒತ್ತೆಯಿಟ್ಟು ಓಡಿ (ಓವರ್‌ಡ್ರಾಫ್ಟ್) ಅಥವಾ ಮುದ್ರಾ ಸಾಲ ತಗೊಂಡಿದ್ದರೆ ಪಾಸ್‌ಬುಕ್ ನೋಡಿ. ವರ್ಷಕ್ಕೊಂದು ಸಲ ವಿಮಾ ಕಂತು ಕಡಿತ ಆಗಿದ್ದರೆ ಬ್ಯಾಂಕೇ ಪಾಲಿಸಿ ಮಾಡಿಸಿರುತ್ತೆ. ಪ್ರತಿ ಕೇಳಿ ತಗೊಳ್ಳಿ. ಪಾಲಿಸಿಯಲ್ಲಿರೋ ಅಂಗಡಿ ವಿಳಾಸ ಈಗಿನದೇ ಅಂತಲೂ ನೋಡಿ, ಅಂಗಡಿ ಬದಲಿಸಿ ಬ್ಯಾಂಕಿಗೆ ಹೇಳದವರ ಅರ್ಜಿ ಅಲ್ಲೇ ಬೀಳುತ್ತೆ.

2021ರ ಏಪ್ರಿಲ್‌ನಿಂದ 5 ಕೋಟಿವರೆಗಿನ ಆಸ್ತಿಗೆ "ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ" ಅಂತ ಒಂದೇ ಮಾದರಿ ಪಾಲಿಸಿ ಇದೆ, ಪ್ರವಾಹ ಅದರಲ್ಲಿ ಸೇರಿದೆ. ಪೆಟ್ಟು ಬೀಳೋದು ಕಮ್ಮಿ ಮೊತ್ತಕ್ಕೆ ಮಾಡಿಸಿದಾಗ. ಅಂಗಡಿಯಲ್ಲಿ 10 ಲಕ್ಷದ ಮಾಲು, ವಿಮೆ 6 ಲಕ್ಷಕ್ಕೆ, ಹಾನಿ 3 ಲಕ್ಷ. ಸಿಗೋದು 3 ಲಕ್ಷ ಅಲ್ಲ, ಅದರ ಶೇ 60, ಅಂದರೆ 1.8 ಲಕ್ಷ. ಕೊರತೆ ಶೇ 15ರೊಳಗಿದ್ದರೆ ಮಾತ್ರ ಈ ಕಡಿತ ಇಲ್ಲ.

ಇನ್ನು ಜಿಎಸ್‌ಟಿ. ನಾಶವಾದ ಸರಕಿನ ಮೇಲೆ ಹೂಡುವಳಿ ತೆರಿಗೆ ಜಮೆ (ಮಾಲು ಕೊಳ್ಳುವಾಗ ಕೊಟ್ಟ ತೆರಿಗೆಯ ವಜಾ) ತಗೊಂಡಿದ್ದರೆ ಕಾಯ್ದೆಯ 17(5)(ಎಚ್) ಪ್ರಕಾರ ವಾಪಸ್ ಕಟ್ಟಬೇಕು. 1 ಲಕ್ಷದ ಮಾಲಿಗೆ ಶೇ 18 ಅಂದರೆ ನಷ್ಟ 1,18,000. ವಿಮೆಯವರಿಗೆ 1 ಲಕ್ಷ ಅಂತ ಬರೆದುಕೊಟ್ಟು ಆಮೇಲೆ 18,000 ಕೈಯಿಂದ ಕಟ್ಟೋರು ಬೇಕಾದಷ್ಟು ಜನ. ತೆರಿಗೆ ವಾಪಸ್ ಮಾಡಿದ ಲೆಕ್ಕ ಹಚ್ಚಿ, ಅದನ್ನೂ ಸೇರಿಸಿ ಕೇಳಿ. ರಾಜಿ ತೆರಿಗೆಯಲ್ಲಿರೋರಿಗೆ (ಕಾಂಪೊಸಿಷನ್) ಜಮೆಯೇ ಇಲ್ಲ, ಬಿಲ್ಲಿನ ಪೂರ್ತಿ ಮೊತ್ತ ಬರೀರಿ.

ತುಂಗಾತೀರ:
ವಿಮೆ ಕಂಪನಿಯ ಸರ್ವೇಯರ್ ಬರೋವರೆಗೆ ಕೊಳೆತ ಹಿಟ್ಟು, ನೆಂದ ಸಕ್ಕರೆ ಇಟ್ಕೊಂಡು ಕೂರೋಕಾಗುತ್ತಾ?

ಲೆಕ್ಕಿಗ:
ಬೇಡ. ಮೊದಲು ವಿಮೆ ಕಂಪನಿಗೆ ಫೋನ್ ಮಾಡಿ ಕ್ಲೇಮ್ ಸಂಖ್ಯೆ ಪಡೀರಿ, ಇಮೇಲ್ ಕಳಿಸಿ. ಗೋಡೆಯಲ್ಲಿ ನೀರು ನಿಂತ ಗೆರೆಯ ಮೇಲೆ ಟೇಪ್ ಹಿಡಿದು ಫೋಟೋ, ಪ್ರತಿ ಕಪಾಟಿನ ವಿಡಿಯೋ. ಕೊಳೆಯೋದನ್ನ ಎಣಿಸಿ, ತೂಗಿ, ಬರೆದು, ಪಕ್ಕದ ಅಂಗಡಿಯವರಿಬ್ಬರ ಸಹಿ ಹಾಕಿಸಿ ಹೊರಹಾಕಿ. ಪ್ರತಿ ಬಗೆಯ ಒಂದು ಚೀಲ ಉಳಿಸಿ, ಬ್ಯಾಚ್ ನಂಬರಿರೋ ಚೀಟಿ ಕಿತ್ತಿಡಿ. ಗಟ್ಟಿಯಾದ ಸಿಮೆಂಟ್, ತುಕ್ಕು ಹಿಡಿದ ಮೊಳೆ ಕೊಳೆಯಲ್ಲ, ಹಾಗೇ ಇರಲಿ.

ಗಿರಣಿಯವರಿಗೆ ಒಂದು ಮಾತು: "ಓಡುತ್ತಾ ನೋಡೋಣ" ಅಂತ ಮುಳುಗಿದ ಮೋಟಾರಿಗೆ ಸ್ವಿಚ್ ಹಾಕಬೇಡಿ. ಬಿಚ್ಚಿ ಒಣಗಿಸಿ, ವೈಂಡಿಂಗಿನ ನಿರೋಧ ಅಳೆಯೋ ಮೆಗ್ಗರಿನಲ್ಲಿ ಒಂದು ಮೆಗಾ ಓಮ್‌ಗಿಂತ ಕಮ್ಮಿ ತೋರಿಸಿದರೆ ಇನ್ನೂ ಒಳಗೆ ತೇವ ಇದೆ. ಆಗ ಓಡಿಸಿ ವೈಂಡಿಂಗ್ ಸುಟ್ಟರೆ ವಿಮೆಯವರು ಅದು ಪ್ರವಾಹದ್ದಲ್ಲ, ನಿಮ್ಮ ಕೈಯ್ಯಾರೆ ಆದದ್ದು ಅಂತಾರೆ.

ಗದ್ದೆಬಯಲು:
ಸಾಲದ ಮರುಹೊಂದಾಣಿಕೆ, ಅಂದರೆ ಕಟ್ಟೋ ಅವಧಿ ಮುಂದಕ್ಕೆ ಹಾಕಿಸಿಕೊಳ್ಳೋದು? ಬ್ಯಾಂಕಿನವರೇ ಕರೆದು ಮಾಡಿಸ್ಕೊಳ್ಳಿ ಅಂತಾರೆ.

ಲೆಕ್ಕಿಗ:
2018ರ ರಿಸರ್ವ್ ಬ್ಯಾಂಕ್ ನಿರ್ದೇಶನದಲ್ಲಿ ಬೆಳೆ ಹಾನಿ ಶೇ 33ರಿಂದ 50 ಇದ್ದರೆ 2 ವರ್ಷ, ಅದಕ್ಕಿಂತ ಹೆಚ್ಚಿದ್ದರೆ 5 ವರ್ಷದವರೆಗೆ ಅವಧಿ, ಎರಡರಲ್ಲೂ ಮೊದಲ ವರ್ಷ ಕಂತಿಲ್ಲ. ಆದರೆ ಬಡ್ಡಿ ನಿಲ್ಲಲ್ಲ. ಬೆಳೆಸಾಲದ ಬಡ್ಡಿ ರಿಯಾಯಿತಿ ಮರುಹೊಂದಿಸಿದ ಮೊತ್ತಕ್ಕೆ ಸಾಮಾನ್ಯವಾಗಿ ಮೊದಲ ವರ್ಷ ಮಾತ್ರ, ಎರಡನೇ ವರ್ಷದಿಂದ ಮಾಮೂಲಿ ದರ. ಸೊಸೈಟಿಯ 5 ಲಕ್ಷದವರೆಗಿನ ಶೂನ್ಯ ಬಡ್ಡಿಯೂ ಗಡುವಿಗೆ ಕಟ್ಟಿದವರಿಗೇ. ಹಾನಿ ಶೇ 33 ದಾಟಿ, ಈ ವರ್ಷ ಕೈಯಲ್ಲಿ ಏನೂ ಇಲ್ಲ ಅಂದರೆ ಮಾಡಿಸಿ. ಹೇಗೋ ಕಟ್ಟಬಲ್ಲೆ ಅನ್ನೋರು ಮಾಡಿಸ್ಕೊಳ್ಳಬೇಡಿ.

ಗದ್ದೆಬಯಲು:
ನಾನಿದನ್ನ ಒಪ್ಪಲ್ಲ. ಗಡುವಿಗೆ ಕಟ್ಟೋಕೆ ಕೈಸಾಲ ತಂದರೆ ತಿಂಗಳಿಗೆ ನೂರಕ್ಕೆ ಎರಡೋ ಮೂರೋ ರೂಪಾಯಿ ಬಡ್ಡಿ. ಅದರ ಮುಂದೆ ಬ್ಯಾಂಕಿನ ಮಾಮೂಲಿ ದರವೇ ವಾಸಿ.

ಲೆಕ್ಕಿಗ:
ಕೈಸಾಲ ತರಬೇಕಾದವರು ನಾನು ಹೇಳಿದ "ಹೇಗೋ ಕಟ್ಟಬಲ್ಲೆ" ಗುಂಪಿನಲ್ಲೇ ಇಲ್ಲ. ಆ ಮಟ್ಟಿಗೆ ನಿಮ್ಮ ಮಾತೇ ಸರಿ.

ಹೊಳೆದಂಡೆ:
ಪಟ್ಟಿಯಲ್ಲಿ ಹೆಸರಿದ್ದೂ ದುಡ್ಡು ಬೀಳದವರಿಗೆ?

ಪಹಣಿಪಂಡಿತ:
ನಾಡಕಚೇರಿಯಲ್ಲಿ ಪರಿಹಾರ ತಂತ್ರಾಂಶದ ಸ್ಥಿತಿ ನೋಡಿಸಿ, ಕಾರಣ ಅಲ್ಲೇ ಇರುತ್ತೆ. ಸಾಮಾನ್ಯವಾಗಿ ಇವು: ಫ್ರೂಟ್ಸ್ ಐಡಿಗೆ (ರೈತರ ನೋಂದಣಿ ಸಂಖ್ಯೆ) ಆ ಸರ್ವೆ ನಂಬರ್ ಸೇರಿಲ್ಲ, ಬೆಳೆ ಸಮೀಕ್ಷೆಯಲ್ಲಿ ಭತ್ತದ ಬದಲು ಪಾಳು ಅಂತ ಬಿದ್ದಿದೆ, ಅದನ್ನ ಬೆಳೆ ದರ್ಶಕ್ ಆ್ಯಪಿನಲ್ಲಿ ನೋಡಿ ಆಕ್ಷೇಪಣೆ ಹಾಕಬೇಕು, ಪಹಣಿ ಇನ್ನೂ ತೀರಿಕೊಂಡ ಅಪ್ಪನ ಹೆಸರಲ್ಲಿದೆ, ವಾರಸುದಾರರ ಹೆಸರಿಗೆ ಪೌತಿ ಖಾತೆ ಆಗದೆ ಮುಂದೆ ಹೋಗಲ್ಲ. ಎಲ್ಲಾ ಸರಿ ಇದ್ದೂ ಬಂದಿಲ್ಲ ಅಂದರೆ ಆಧಾರ್ ಯಾವ ಬ್ಯಾಂಕಿಗೆ ಎನ್‌ಪಿಸಿಐನಲ್ಲಿ (ಬ್ಯಾಂಕುಗಳ ನಡುವಿನ ಹಣ ಪಾವತಿ ನಡೆಸೋ ಸಂಸ್ಥೆ) ಜೋಡಣೆಯಾಗಿದೆ ಅಂತ ನೋಡಿ. ಎಷ್ಟೋ ಸಲ ದುಡ್ಡು ಬಂದೇ ಇರುತ್ತೆ, ಯಾವಾಗಲೋ ತೆರೆದು ಮರೆತ ಇನ್ನೊಂದು ಖಾತೆಗೆ.