ಜಲಕಳೆ ಎತ್ತುವಾಗ ಸೌರ ದೋಣಿಯ ಇಎಸ್‌ಪಿ 32 ಬೋರ್ಡ್ ರೀಸ್ಟಾರ್ಟ್ ಆಗುತ್ತಿದೆ

ಪ್ರಶ್ನೆ:
ನಮಸ್ಕಾರ. ಕೆರೆಯಲ್ಲಿ ತೇಲುವ ಬಾಟಲಿ, ಪ್ಲಾಸ್ಟಿಕ್ ಕವರ್ ಹಾಗೂ ಜಲಕಳೆಯನ್ನು ಎತ್ತಿ ತರುವ ಸಣ್ಣ ಸೌರ ದೋಣಿಯೊಂದನ್ನು ಕಾಲೇಜಿನ ಪ್ರಾಜೆಕ್ಟ್‌ಗಾಗಿ ಕಟ್ಟಿದ್ದೇವೆ. 50 ವ್ಯಾಟ್ ಪ್ಯಾನೆಲ್, 12 ವೋಲ್ಟ್‌ನ ಹಳೆಯ ಲೆಡ್-ಆಸಿಡ್ ಬ್ಯಾಟರಿ, ಕನ್ವೇಯರ್‌ಗೆ ಗುಜರಿಯಿಂದ ತಂದ ಕಾರಿನ ವೈಪರ್ ಮೋಟರ್, ಅದಕ್ಕೆ ಬಿಟಿಎಸ್ 7960 ಡ್ರೈವರ್ (ಬೋರ್ಡಿನ ಸೂಚನೆಯಂತೆ ಮೋಟರಿಗೆ ಕರೆಂಟ್ ಕೊಡುವ ಸರ್ಕ್ಯೂಟ್), ಎಲ್ಲವನ್ನೂ ನಿಯಂತ್ರಿಸಲು ಇಎಸ್‌ಪಿ 32 (ಪ್ರೋಗ್ರಾಂ ನಡೆಸುವ ಪುಟ್ಟ ಕಂಪ್ಯೂಟರ್ ಬೋರ್ಡ್) ಬಳಸಿದ್ದೇವೆ. ಬಾಟಲಿಗಳಷ್ಟೇ ಬಂದಾಗ ತೊಂದರೆಯಿಲ್ಲ; ಜಲಕಳೆ ಸಿಕ್ಕಿದೊಡನೆ ಬೋರ್ಡ್ ರೀಸ್ಟಾರ್ಟ್ ಆಗಿ ದೋಣಿ ನಡುನೀರಿನಲ್ಲಿ ನಿಂತುಬಿಡುತ್ತದೆ. ಮಲ್ಟಿಮೀಟರ್ ಮಾತ್ರ 12.4 ವೋಲ್ಟ್ ತೋರಿಸುತ್ತದೆ. 100 ವ್ಯಾಟ್ ಪ್ಯಾನೆಲ್ ಹಾಕಿದರೆ ಸರಿಹೋಗಬಹುದೇ?

ಉತ್ತರ:
ಪ್ಯಾನೆಲ್‌ಗೆ ಹಣ ಸುರಿಯುವ ಮುನ್ನ ಸ್ವಲ್ಪ ತಡೆಯಿರಿ. 50 ವ್ಯಾಟ್ ಪ್ಯಾನೆಲ್ ನಡುಮಧ್ಯಾಹ್ನದ ಬಿಸಿಲಿನಲ್ಲೂ ಸುಮಾರು ಮೂರು ಆಂಪಿಯರ್ ಕೊಡುತ್ತದೆ, 100 ವ್ಯಾಟಿನದು ಸುಮಾರು ಆರು. ಆದರೆ ಕಳೆ ಸಿಕ್ಕಿ ತಿರುಗಲಾರದೆ ನಿಂತ ವೈಪರ್ ಮೋಟರ್ 20 ಆಂಪಿಯರ್‌ವರೆಗೂ ಎಳೆಯಬಲ್ಲದಾದ್ದರಿಂದ, ಆ ಕ್ಷಣದ ಹೊರೆಯನ್ನು ಹೊರಬೇಕಾದದ್ದು ಬ್ಯಾಟರಿ ಮತ್ತು ತಂತಿಗಳೇ. 1 ಚದರ ಮಿಲಿಮೀಟರ್ ತಾಮ್ರದ ತಂತಿ, ಹೋಗಿ ಬರುವ ದಾರಿ ಸೇರಿ ನಾಲ್ಕು ಮೀಟರ್ ಇದ್ದರೆ, ಅಷ್ಟು ಕರೆಂಟಿಗೆ ಸುಮಾರು 1.4 ವೋಲ್ಟ್ ತಂತಿಯಲ್ಲೇ ಕಳೆದುಹೋಗುತ್ತದೆ. ಹಳೆಯ ಬ್ಯಾಟರಿಯ ಒಳರೋಧ ಹೆಚ್ಚಿದ್ದರೆ ಇನ್ನೂ ಕೆಲವು ವೋಲ್ಟ್ ಕುಸಿಯುತ್ತದೆ. ಆಗ ಬೋರ್ಡಿಗೆ ಸಾಕಷ್ಟು ವೋಲ್ಟೇಜ್ ಸಿಗದೆ ಅದು ರೀಸ್ಟಾರ್ಟ್ ಆಗುತ್ತದೆ. ಕ್ಷಣಮಾತ್ರದ ಈ ಕುಸಿತ ಸಾಧಾರಣ ಮಲ್ಟಿಮೀಟರಿನ ಕಣ್ಣಿಗೆ ಬೀಳುವುದಿಲ್ಲ.

ಬೋರ್ಡನ್ನು ತಾತ್ಕಾಲಿಕವಾಗಿ ಪವರ್ ಬ್ಯಾಂಕ್‌ನಿಂದ ನಡೆಸಿ, ಡ್ರೈವರ್‌ನ ಗ್ರೌಂಡ್ ಮತ್ತು ಬೋರ್ಡಿನ ಗ್ರೌಂಡ್ ಜೋಡಿಸಿಟ್ಟು ನೋಡಿ. (ಕೆಲವು ಪವರ್ ಬ್ಯಾಂಕ್‌ಗಳು ಕರೆಂಟ್ ಕಡಿಮೆಯಾದರೆ ತಾವಾಗಿಯೇ ಆಫ್ ಆಗುತ್ತವೆ, ಅದನ್ನು ರೀಸ್ಟಾರ್ಟ್ ಎಂದು ತಿಳಿಯಬೇಡಿ.) ಆಗಲೂ ರೀಸ್ಟಾರ್ಟ್ ಆದರೆ ಮೋಟರಿನ ಬ್ರಷ್‌ಗಳ ಕಿಡಿಯಿಂದೇಳುವ ವಿದ್ಯುತ್ ಗದ್ದಲವನ್ನು (ನಾಯ್ಸ್) ಶಂಕಿಸಿ, ಅದರ ಎರಡು ತುದಿಗಳ ನಡುವೆ 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಹಾಕಿ.

ಪ್ರಶ್ನೆ ಕೇಳಿದವರು:
ಪವರ್ ಬ್ಯಾಂಕ್‌ನಲ್ಲಿ ಒಮ್ಮೆಯೂ ರೀಸ್ಟಾರ್ಟ್ ಆಗಲಿಲ್ಲ, ಧನ್ಯವಾದ ಸರ್. ಆದರೆ ಸಿಕ್ಕಿಕೊಂಡ ಕಳೆಯನ್ನು ಬಿಡಿಸಲು ಮೋಟರನ್ನು ಹಿಂದಕ್ಕೆ ತಿರುಗಿಸಿದರೆ ಫ್ಯೂಸ್ ಹೋಗುತ್ತಿದೆ. ದೋಣಿಯ ಚೌಕಟ್ಟು ಅಲ್ಯೂಮಿನಿಯಂನದು.

ಉತ್ತರ:
ಹಾಗಾದರೆ ಮೋಟರಿನ ಮೈಯನ್ನೇ ನೋಡಬೇಕು. ಕಾರಿನಲ್ಲಿ ಬಾಡಿಯೇ ನೆಗೆಟಿವ್ ಆಗಿರುವುದರಿಂದ ಅನೇಕ ವೈಪರ್ ಮೋಟರ್‌ಗಳ ಒಂದು ತುದಿ ಅದರ ಲೋಹದ ಕವಚಕ್ಕೇ ಸೇರಿರುತ್ತದೆ. ನಿಮ್ಮ ಚೌಕಟ್ಟು ಎಲ್ಲಾದರೂ ಬ್ಯಾಟರಿಯ ನೆಗೆಟಿವ್‌ಗೆ ತಾಗಿದ್ದರೆ, ಹಿಂದಕ್ಕೆ ತಿರುಗಿಸುವಾಗ ಆ ಕವಚಕ್ಕೆ ಪಾಸಿಟಿವ್ ಬಂದು ನೇರ ಶಾರ್ಟ್ ಆಗುತ್ತದೆ. ಮೋಟರನ್ನು ಬಿಚ್ಚಿ, ಕವಚಕ್ಕೂ ಎರಡೂ ತುದಿಗಳಿಗೂ ನಡುವೆ ಮೀಟರಿನಲ್ಲಿ ಬೀಪ್ ಬರುತ್ತದೆಯೇ ಪರೀಕ್ಷಿಸಿ. ಬಂದರೆ ಕೆಳಗೆ ರಬ್ಬರ್ ಹಾಳೆ ಹಾಸಿ, ಬೋಲ್ಟ್‌ಗಳಿಗೆ ನೈಲಾನ್ ಬುಶ್ ಮತ್ತು ವಾಶರ್ ಹಾಕಿ. ಶಾಫ್ಟ್‌ನ ಮೂಲಕವೂ ಸಂಪರ್ಕ ಸಿಗಬಹುದಾದ್ದರಿಂದ ಕಪ್ಲಿಂಗ್ ಕೂಡ ನೈಲಾನ್‌ನದಾಗಿರಲಿ. ಫ್ಯೂಸ್ ಹೋಗುತ್ತಿದೆಯೆಂದು ದೊಡ್ಡದು ಹಾಕಬೇಡಿ.

ರೀಸ್ಟಾರ್ಟ್ ನಿಲ್ಲಲು ಬ್ಯಾಟರಿ ಬದಲಿಸಿ, ಮೋಟರಿಗೆ 4 ಚದರ ಮಿಲಿಮೀಟರ್ ತಂತಿ ಎಳೆಯಿರಿ, ಬೋರ್ಡಿಗೆ ವೋಲ್ಟೇಜ್ ಇಳಿಸಿಕೊಡುವ ಬಕ್ ಕನ್ವರ್ಟರ್‌ಗೆ ಬ್ಯಾಟರಿಯಿಂದಲೇ ಪ್ರತ್ಯೇಕ ತಂತಿ ಜೋಡಿ ಕೊಡಿ, ಮೋಟರಿನ ವೇಗವನ್ನು ಪ್ರೋಗ್ರಾಂನಲ್ಲಿ ಸೊನ್ನೆಯಿಂದ ಒಂದು ಸೆಕೆಂಡಿನಲ್ಲಿ ಏರಿಸಿ. ಜಲಕಳೆಯ ತೂಕದಲ್ಲಿ ಶೇ. 90ಕ್ಕಿಂತ ಹೆಚ್ಚು ನೀರೇ ಇರುವುದರಿಂದ, ಕನ್ವೇಯರ್ ಬಾಯಿಯನ್ನು ಹೆಚ್ಚು ಆಳಕ್ಕೆ ಇಳಿಸದೆ ತೇಲುವ ಪದರಕ್ಕೆ ತಾಗುವಷ್ಟೇ ಇಡುವುದು ಮೋಟರಿಗೂ ಬ್ಯಾಟರಿಗೂ ಲೇಸು.