ಅಪ್‌ಡೇಟ್: ಜೀನ್ಸ್ ಯೂನಿಟ್‌ನ ಮೆಚ್ಚುಗೆ ಆ್ಯಪ್ ಕೊನೆಗೂ ಓಡುತ್ತಿದೆ

ಬಳ್ಳಾರಿಯ ನಮ್ಮ ಜೀನ್ಸ್ ಯೂನಿಟ್‌ನಲ್ಲಿ ಜೊತೆಯವರ ಒಳ್ಳೆ ಕೆಲಸ ಮೆಚ್ಚಿ ಬರೆಯಲು ಮಾಡಿದ ಆ್ಯಪನ್ನು ಯಾರೂ ತೆರೆಯುತ್ತಿಲ್ಲ, ಏನು ಮಾಡೋದು ಎಂದು ನಿಮ್ಮನ್ನು ಕೇಳಿದ್ದೆ, ಅಲ್ವಾ?

ಕೈ ಹಿಡಿದದ್ದು ವಾಯ್ಸ್ ಮೆಸೇಜ್ ಸಲಹೆ. ಟೈಪ್ ಮಾಡೋದು ಅಂದರೆ ದೂರ ಸರಿಯುತ್ತಿದ್ದವರು ಈಗ ಕನ್ನಡ, ತೆಲುಗು, ಉರ್ದು, ಯಾವುದು ಸಲೀಸೋ ಅದರಲ್ಲಿ ಮಾತಾಡಿ ಕಳಿಸುತ್ತಾರೆ. "ಜಿಪ್ ಹಚ್ಚೋ ಅಕ್ಕ ತನ್ನ ಕೆಲಸ ಬಿಟ್ಟು ಬಂದು ನನ್ನ ಮಷಿನ್‌ಗೆ ದಾರ ಹಾಕಿಕೊಟ್ಟಳು." ಇಂಥವೇ ಜಾಸ್ತಿ.

ಪಾಯಿಂಟ್, ರ‍್ಯಾಂಕ್ ಪಟ್ಟಿ ಮಾತ್ರ ನಡೆಯಲಿಲ್ಲ. ಪೀಸ್ ಲೆಕ್ಕದ ಕೂಲಿ ಇರುವಲ್ಲಿ ಅದೂ ಇನ್ನೊಂದು ಟಾರ್ಗೆಟ್ ಅನಿಸಿತು. ಗೆಳೆಯರು ಸುಮ್ನೆ ತಮ್ಮತಮ್ಮಲ್ಲೇ ಪಾಯಿಂಟ್ ಹಂಚಿಕೊಂಡರು. ತೆಗೆದುಹಾಕಿದೆವು.

ಅಚ್ಚರಿ ಏನೆಂದರೆ, ಹೆಚ್ಚು ಮೆಚ್ಚುಗೆ ಬಂದದ್ದು ಉಳಿಕೆ ದಾರ ಕತ್ತರಿಸುವ ಹೆಂಗಸರಿಗೆ. ಸೂಪರ್‌ವೈಸರ್‌ಗೆ ಅವರ ಹೆಸರೂ ಗೊತ್ತಿರಲಿಲ್ಲ ನೋಡಿ! ಸ್ಮಾರ್ಟ್‌ಫೋನ್ ಇಲ್ಲದವರಿಗೆಂದು ಟೀ ಹೊತ್ತಿಗೆ ಈ ಮೆಸೇಜ್‌ಗಳನ್ನು ಸ್ಪೀಕರ್‌ನಲ್ಲೂ ಹಾಕುತ್ತೇವೆ, ಅದಕ್ಕೂ ಮೊದಲು ಹೊಗಳಿಸಿಕೊಂಡವರ ಒಪ್ಪಿಗೆ ಕೇಳುತ್ತೇವೆ.